ವೆಂಕಟಾಚಲನ ಬಾಟಲಿ

ದೀಪ ಸಣ್ಣದು ಮಾಡಿ, ಹೇಳುತ್ತೇನೆ. ನಮ್ಮ ಚಿಕ್ಕಪ್ಪನ ಮಗ ಪದ್ಮನಾಭನಿಗೆ ಆದದ್ದು ಇದು. ಸೂರತ್ತಿನ ಉಧ್ನಾದಲ್ಲಿ, ಅರವತ್ತನಾಲ್ಕೋ ಅರವತ್ತೈದೋ... ಇಸವಿ ಬಿಡಿ, ನಡೆದದ್ದು ಮಾತ್ರ ನಿಜ.

ಪದ್ಮನಾಭ ಅಲ್ಲೊಂದು ಔಷಧದಂಗಡಿಯಲ್ಲಿ ಕಂಪೌಂಡರ್. ಆಗೆಲ್ಲ ಮಿಕ್ಸ್ಚರ್ ಬೇಕೆಂದರೆ ಬಾಟಲಿ ನಾವೇ ಒಯ್ಯಬೇಕು. ಅವನು ಔಷಧ ಬೆರೆಸಿ, ತುಂಬಿ, ಸಲಕ್ಕೆ ಎಷ್ಟೆಂದು ಕಾಗದದ ಪಟ್ಟಿ ಕತ್ತರಿಸಿ ಅಂಟಿಸುತ್ತಿದ್ದ. ನಿದ್ದೆಯ ಔಷಧವಾದರೆ ಇನ್ನೂ ಬಿಗಿ. ಹಳೆಯದು ಖಾಲಿಯಾಗದೆ ಹೊಸದಿಲ್ಲ. ಯಾರು ಅತ್ತರೂ ಇಲ್ಲ, ಬೈದರೂ ಇಲ್ಲ.

ಈ ಹಟಕ್ಕೆ ಕಾರಣವಿತ್ತು. ಅಂಗಡಿಯಿದ್ದ ಓಣಿಯ ವೆಂಕಟಾಚಲ, ರೈಲ್ವೆ ಗುಮಾಸ್ತ, ನಮ್ಮ ಧಾರವಾಡದ ಕಡೆಯವನು. ಊರಿನ ಅಂಗಡಿಗಳನ್ನೆಲ್ಲ ಸುತ್ತಿ ನಿದ್ದೆಯ ಔಷಧ ಕುಡಿದು ಕುಡಿದು, ಒಂದು ಬೆಳಿಗ್ಗೆ ಏಳಲೇ ಇಲ್ಲ. ಹೆಂಡತಿ ಸುಮಿತ್ರಾ ಒಬ್ಬಳೇ ಉಳಿದಳು. ಆಮೇಲೆ ಅವಳಿಗೂ ನಿದ್ದೆ ಹೋಯಿತು. ಡಾಕ್ಟರು ಅದೇ ಔಷಧ ಬರೆದರು. ಪದ್ಮನಾಭ ಚಿಕ್ಕ ಬಾಟಲಿಯಲ್ಲಿ ಸ್ವಲ್ಪ ಸ್ವಲ್ಪವೇ ಕೊಡುತ್ತಿದ್ದ. ಅವಳು ಪ್ರತಿಸಲ ಖಾಲಿ ಮಾಡಿಯೇ ತರುತ್ತಿದ್ದಳು. ಇವನಿಗೂ ಸಮಾಧಾನ.

ಒಂದು ರಾತ್ರಿ ಅಂಗಡಿ ಮುಚ್ಚಿ ಹೊರಟಾಗ ಕರೆಂಟು ಹೋಯಿತು. ಓಣಿಯಲ್ಲಿ ಖಟಕ್ ಖಟಕ್ ಎನ್ನುತ್ತಿದ್ದ ಕರೆಂಟಿನ ಮಗ್ಗಗಳೆಲ್ಲ ಒಮ್ಮೆಲೇ ಬಂದ್. ಬಾವಿಯ ಪಕ್ಕದ ಆಲದ ಕೆಳಗೆ ಬಂದಿದ್ದಾನೆ...

ಟಪ್.

ಬಿರಡೆ ಕಿತ್ತ ಸದ್ದು. ಇಡೀ ದಿನ ಕೇಳುವ ಸದ್ದು, ಅವನಿಗೆ ತಪ್ಪುವುದುಂಟೆ? ಹಿಂದೆಯೇ ಗುಳು ಗುಳು... ಒಂದು ಬಾಟಲಿಯಿಂದ ಇನ್ನೊಂದಕ್ಕೆ ಸುರಿದ ಹಾಗೆ.

"ಪದ್ಮಣ್ಣಾ... ನಿದ್ದಿ ಬರವಲ್ದೋ."

ವೆಂಕಟಾಚಲನ ದನಿ! ಆದರೂ ಅಭ್ಯಾಸ ಬಿಡಬೇಕಲ್ಲ... ರಾಮನಾಮ ಬರಬೇಕಾದ ಬಾಯಲ್ಲಿ ಅಂಗಡಿಯ ಮಾತೇ ಬಂತು.

"ಬಾಟ್ಲಿ ತರಲಿಲ್ಲಂದ್ರ ಔಷಧ ಕೊಡಂಗಿಲ್ಲ."

ಎಲೆಯೂ ಅಲುಗಲಿಲ್ಲ.

"ನನ್ನ ಬಾಟ್ಲಿ ಸುಮಿತ್ರಾನ ಕಡೆ ಅದಪಾ... ಇವತ್ತ ತುಂಬ್ತು."

ಆಗ ಹೊಳೆಯಿತು ನೋಡಿ. ಅವಳು ಕುಡಿದು ಖಾಲಿ ಮಾಡುತ್ತಿರಲಿಲ್ಲ! ಗಂಡನ ದೊಡ್ಡ ಬಾಟಲಿಗೆ ಸುರಿದು ಕೂಡಿಡುತ್ತಿದ್ದಳು. ಇವನು ಖಾಲಿ ಬಾಟಲಿ ನೋಡಿ ನಂಬಿ ಕೂತಿದ್ದ. ಚಪ್ಪಲಿ ಅಲ್ಲೇ ಬಿಟ್ಟು ಓಡಿದ.

ಬಾಗಿಲು ತಳ್ಳಿದರೆ ಸುಮಿತ್ರಾ ಚಿಮಣಿ ದೀಪದ ಮುಂದೆ ಕೂತಿದ್ದಾಳೆ. ದೊಡ್ಡ ಬಾಟಲಿ ಕೈಯಲ್ಲಿ. ಬಿರಡೆ ನೆಲದ ಮೇಲೆ.

"ಕೊಡು ತಂಗಿ," ಎಂದ, ಮೆಲ್ಲಗೆ.

"ಸಾಕಾಗೇದ ಅಣ್ಣಾ. ಅವರಿದ್ದಲ್ಲೇ ಹೋಗಿ ಮಲಗತೀನಿ."

"ಅವಗ ಅಲ್ಲೂ ನಿದ್ದಿ ಇಲ್ಲ ತಂಗಿ! ಈಗಷ್ಟ ಆಲದ ಕೆಳಗ ನನ್ನ ಹತ್ರ ಔಷಧ ಬೇಡಿದ."

ಅವಳು ಅವನ ಮುಖವನ್ನೇ ನೋಡಿದಳು. "ಖರೇ?"

"ಖರೇ."

ಬಾಟಲಿ ಕೊಟ್ಟಳು. ಕೊಟ್ಟವಳೇ ಗೋಡೆಗೆ ಹಣೆ ಹಚ್ಚಿ ಅತ್ತಳು, ಗಂಡ ಸತ್ತ ದಿನವೂ ಹಾಗೆ ಅತ್ತಿರಲಿಲ್ಲವಂತೆ. ಪದ್ಮನಾಭನಿಗೂ ಕಣ್ಣು ತುಂಬಿತು. ಔಷಧವನ್ನೆಲ್ಲ ಬಚ್ಚಲಿಗೆ ಸುರಿದ. "ಇವತ್ತ ನಮ್ಮನಿಗೆ ನಡಿ, ನಮ್ಮ ತಾರಾ ಇದ್ದಾಳ," ಎಂದು ಅವಳ ಮನೆಗೆ ಬೀಗ ಹಾಕಿ ಅವಳನ್ನು ತನ್ನ ಹೆಂಡತಿಯ ಹತ್ತಿರ ಕರೆದುಕೊಂಡು ಹೋದ. ಕೀಲಿ ಅವನ ಕಿಸೆಯಲ್ಲೇ ಇತ್ತು.

ಬೆಳಿಗ್ಗೆ ಇಬ್ಬರೂ ಆ ಬೀಗ ತೆಗೆಯಲು ಬಂದಾಗ ಸುಮಿತ್ರಾಳ ಪಕ್ಕದ ಮನೆಯ ಗುಜರಾತಿ ಮುದುಕಿ ಸಿಡುಕುತ್ತಲೇ ಎದುರಾದಳು. "ಯಾರಮ್ಮಾ ನಿನ್ನೆ ನಿಮ್ಮನೆಗೆ ಬಂದ ಮೆಹಮಾನ್? ರಾತ್ರಿಯೆಲ್ಲ ಆ ಗಂಡಸಿನ ಗೊರಕೆ... ನನಗೆ ಕಣ್ಣು ಮುಚ್ಚಲು ಬಿಡಲಿಲ್ಲ!"

ನಗಬೇಡಿ. ಮುದುಕಿಯ ಆ ಮಾತನ್ನು ಪದ್ಮನಾಭ ತನ್ನ ಕಿವಿಯಾರೆ ಕೇಳಿದ್ದಾನೆ.