ಐದು ಮೆಟ್ಟಿಲು ಕೆಳಗೆ

ಕೊನೇ ಬಸ್ಸು ಶ್ರೀಪತಿಯನ್ನ ಏಲೂರಿನ ತಿರುವಿನಲ್ಲಿ ಇಳಿಸಿ ಹೋದಾಗ ರಾತ್ರಿ ಹನ್ನೊಂದು ದಾಟಿತ್ತು. ತೊಂಬತ್ತೆಂಟನೇ ಇಸವಿ, ಮಾರ್ಚ್ ತಿಂಗಳು. ಶ್ರೀಪತಿ ಅಂದರೆ ಎಲ್ಲಿಯವನೋ ಅಲ್ಲ, ನಮ್ಮ ದೊಡ್ಡಮ್ಮನ ಮಗ. ಅವರಪ್ಪ ಬ್ಯಾಂಕಿನವರು. ಮೈಸೂರಿಂದ ಕೊಚ್ಚಿಗೆ ವರ್ಗವಾಗಿ, ಅಲ್ಲೇ ಹತ್ತಿರದ ಏಲೂರಿನಲ್ಲಿ ಮನೆ ಹಿಡಿದು ಆಗಲೇ ಒಂಬತ್ತು ವರ್ಷ.

ತಿರುವಿನಿಂದ ಮನೆಗೆ ಹತ್ತು ನಿಮಿಷದ ದಾರಿ. ಬಲಕ್ಕೆ ಕಾರ್ಖಾನೆಯ ಉದ್ದ ಗೋಡೆ. ಎಡಕ್ಕೆ ಯಾರೂ ನೀರು ಸೇದದ ಒಂದು ಬಾವಿ, ಅದರ ಮೇಲೆ ಬಾಗಿದ ಆಲದ ಮರ. ದಿನಾ ಓಡಾಡುವ ದಾರಿಯೇ. ಹೆದರುವಂಥದ್ದೇನೂ ಇಲ್ಲ.

ಬಾವಿ ದಾಟಿದ. ಹಿಂದೆ ಹವಾಯಿ ಚಪ್ಪಲಿ ಸದ್ದು... ಪಟ್, ಪಟ್, ಪಟ್. ಇವನು ನಿಂತ. ಸದ್ದೂ ನಿಂತಿತು. ಆದರೆ ಒಟ್ಟಿಗೆ ಅಲ್ಲ. ಇವನು ನಿಂತ ಮೇಲೆ, ಒಂದೇ ಒಂದು 'ಪಟ್'... ಆಮೇಲೆ ನಿಂತಿತು.

"ಯಾರದು?" ಅಂದ, ಮೆಲ್ಲಗೆ.

"ನಡಿ. ಅಮ್ಮ ಕಾಯ್ತಿರ್ತಾಳೆ."

ದಪ್ಪ ದನಿ. ಗಂಡಸಿನದ್ದು ಅನ್ನಿಸಿತು. ಪಾಳಿ ಮುಗಿಸಿ ಹೋಗುವ ಯಾರೋ ಇರಬೇಕು ಅಂದುಕೊಂಡು ಶ್ರೀಪತಿ ಮುಂದೆ ಹೆಜ್ಜೆ ಹಾಕಿದ. ಇಪ್ಪತ್ತು ಹೆಜ್ಜೆ ಹೋಗಿರಬಹುದು, ಅಷ್ಟೆ. ಆಗ ಹೊಳೆಯಿತು. ಆ ಮಾತು ಕನ್ನಡದಲ್ಲಿತ್ತು... ಏಲೂರಿನಲ್ಲಿ, ಆ ಹೊತ್ತಿನಲ್ಲಿ, ಇವನ ಹತ್ತಿರ ಕನ್ನಡ ಆಡುವವರು ಯಾರಿದ್ದಾರೆ?

ತಿರುಗಿ ನೋಡಿದ. ಯಾರೂ ಇರಲಿಲ್ಲ. ಆಲದ ಎಲೆ ಕೂಡ ಅಲ್ಲಾಡುತ್ತಿರಲಿಲ್ಲ.

ಅವತ್ತು ಶ್ರೀಪತಿ ಎಲ್ಲಿಂದ ಬರ್ತಿದ್ದ, ಕೈಚೀಲದಲ್ಲಿ ಏನಿತ್ತು, ಅದನ್ನ ಹೇಳಬೇಕು. ಅದಕ್ಕೆ ಮೊದಲು ಮಹತಿ ವಿಷಯ.

ಮಹತಿ ಶ್ರೀಪತಿಯ ತಂಗಿ, ಅವನಿಗಿಂತ ಮೂರು ವರ್ಷಕ್ಕೆ ಚಿಕ್ಕವಳು. ಶ್ರೀಪತಿ ಗಾನಮೇಳದಲ್ಲಿ, ನಮ್ಮ ಕಡೆಯ ಆರ್ಕೆಸ್ಟ್ರಾ ಅನ್ನಿ, ಗಿಟಾರ್ ನುಡಿಸುತ್ತಿದ್ದ. ಅಲ್ಲಿನ ದೇವಸ್ಥಾನದ ಉತ್ಸವ, ಚರ್ಚಿನ ಹಬ್ಬ, ಎಲ್ಲದಕ್ಕೂ ಗಾನಮೇಳ ಬೇಕೇ ಬೇಕು. ಮಹತಿ ವೇದಿಕೆ ಹತ್ತಿದವಳಲ್ಲ. ಅವಳ ಹಾಡೆಲ್ಲ ಮನೆಯ ಮುಂದಿನ ಕೋಣೆಯಲ್ಲೇ. ಅಣ್ಣ ಮಂಚದ ಮೇಲೆ ಗಿಟಾರ್ ಹಿಡಿದು ಕೂತರೆ, ಇವಳು ಬೆತ್ತದ ಕುರ್ಚಿಯಲ್ಲಿ ಕಾಲು ಮಡಚಿ ಕೂರುವವಳು. ಇಬ್ಬರೂ ಸೇರಿ ಕಟ್ಟಿದ ಒಂದು ಹಾಡಿತ್ತು. ಮಾತು ಇವಳದ್ದು, ಹತ್ತನೇ ವಯಸ್ಸಿನಲ್ಲಿ ಬರೆದದ್ದು. ಮಟ್ಟು ಅವನದ್ದು.

"ಬೀದಿದೀಪಕೆ ನಿದ್ದೆಯಿಲ್ಲ, ಬಾಗಿಲಿಗೋ ಎಚ್ಚರವಿಲ್ಲ..."

ಮಕ್ಕಳಾಟದ ಮಾತೇ. ಆದರೆ ಅವಳು ಹಾಡಿದರೆ ಅಪ್ಪ ಪೇಪರ್ ಮಡಚಿ ಇಡುತ್ತಿದ್ದರಂತೆ.

ಹಿಂದಿನ ಜೂನಿನಲ್ಲಿ ಅವಳ ಗಂಟಲಲ್ಲಿ ಗಂಟು ಕಾಣಿಸಿಕೊಂಡಿತು. ಮೊದಲು ನೆಗಡಿ ಅಂದರು. ಆಮೇಲೆ ಯಾರೂ ಏನೂ ಅನ್ನಲಿಲ್ಲ. ದನಿ ಒಡೆಯಿತು, ದಪ್ಪವಾಯಿತು, ಇಳಿಯುತ್ತಾ ಬಂತು. ಗಿಟಾರಿನ ಕೊರಳ ಮೇಲೆ ಅಡ್ಡಕ್ಕೆ ಕಂಬಿಗಳಿರುತ್ತವಲ್ಲ, ಒಂದೊಂದು ಕಂಬಿಯೂ ಒಂದು ಮೆಟ್ಟಿಲು ಅಂದುಕೊಳ್ಳಿ. ಅಕ್ಟೋಬರ್ ಹೊತ್ತಿಗೆ ಅವಳ ದನಿ ಮೂರು ಮೆಟ್ಟಿಲು ಇಳಿದಿತ್ತು.

ಬೇರೆ ಹಾಡಾದರೆ ಶ್ರೀಪತಿ ಕೈ ಸರಿಸಿ ನುಡಿಸಿಬಿಡುತ್ತಿದ್ದ. ಈ ಹಾಡು ಹಾಗಲ್ಲ. ಅದರ ಜೀವವೆಲ್ಲ ಬೆರಳು ಒತ್ತದೆ ಹಾಗೇ ಮೊಳಗುವ ಬಿಟ್ಟ ತಂತಿಗಳಲ್ಲಿ. ಅದನ್ನ ಇಳಿಸಬೇಕಾದರೆ ತಂತಿಗಳನ್ನೇ ಸಡಿಲ ಮಾಡಬೇಕು. ಮಾಡಿದ. ಮೂರು ಮೆಟ್ಟಿಲಿಗೆ ತಂತಿಯೆಲ್ಲ ಜೋತುಬಿದ್ದು, ಮೀಟಿದರೆ 'ಡರ್ರ್' ಅಂತ ಕಂಬಿಗೆ ಬಡಿಯತೊಡಗಿತು. ಶ್ರುತಿ ಎರಡು ನಿಮಿಷ ನಿಲ್ಲದು.

ಮಹತಿ ನಕ್ಕಳು. "ಅಣ್ಣ, ನಿನ್ನ ಗಿಟಾರಿಗೂ ಗಂಟಲು ಕೆಡ್ತು ನೋಡು."

ಶ್ರೀಪತಿಗೆ ನಗು ಬರಲಿಲ್ಲ. ಏನಾಗಿತ್ತೋ ಅವತ್ತು ಅವನಿಗೆ. ಹೆದರಿಕೆಯೇ ಇರಬೇಕು, ಸಿಟ್ಟಿನ ಹಾಗೆ ಹೊರಗೆ ಬಂತು.

"ನೀನು ಸ್ವಲ್ಪ ಮೇಲೆ ಬಾರೆ! ನಾನು ಎಷ್ಟು ಅಂತ ಇಳೀಲಿ?"

ಅವಳು ಕುರ್ಚಿಯಲ್ಲಿ ನೆಟ್ಟಗೆ ಕೂತು, ಮೊದಲಿನ ಶ್ರುತಿಯಲ್ಲೇ ಎತ್ತಿಕೊಂಡಳು. 'ಬೀದಿದೀಪಕೆ' ಅನ್ನುವಷ್ಟರಲ್ಲಿ ದನಿ ಹರಿದುಹೋಯಿತು. ಬಟ್ಟೆ ಹರಿದ ಹಾಗೆ, ಪರ್ರನೆ. ಆಮೇಲೆ ಕೆಮ್ಮು. ಎಷ್ಟು ಹೊತ್ತು ಕೆಮ್ಮಿದಳೋ...

ಅದಾದ ಮೇಲೆ ಮಹತಿ ಅಣ್ಣನ ಮುಂದೆ ಹಾಡಲಿಲ್ಲ.

ನವೆಂಬರಿನಲ್ಲಿ ಅವಳನ್ನ ತಿರುವನಂತಪುರಕ್ಕೆ ಕರೆದುಕೊಂಡು ಹೋದರು. ಉಳ್ಳೂರ್ ಜಂಕ್ಷನ್ ಹತ್ತಿರ ಒಂದು ಕೋಣೆ ಹಿಡಿದು ದೊಡ್ಡಮ್ಮ ಅವಳ ಜೊತೆ ನಿಂತರು. ಅಲ್ಲಿಂದ ದಿನಾ ಆಸ್ಪತ್ರೆಗೆ. ಶ್ರೀಪತಿ ಎರಡು ವಾರಕ್ಕೊಮ್ಮೆ ಹೋಗಿ ನೋಡುವನು. ಅವನು ಹೋದರೆ ಮಹತಿ ಬಾಯೇ ಬಿಡುತ್ತಿರಲಿಲ್ಲ. ನಗುವಳು, ಕೈಸನ್ನೆ ಮಾಡುವಳು, ಅಷ್ಟೆ. ಅವತ್ತಿನ ಮಾತಿಗೆ ಇನ್ನೂ ಮುನಿಸು ಅಂತಲೇ ಇವನು ತಿಳಿದಿದ್ದ. ತಪ್ಪಾಯ್ತು ಅನ್ನಬೇಕು ಅಂತ ಪ್ರತಿ ಸಲ ಹೊರಡುವನು. ಪ್ರತಿ ಸಲ ಕಿತ್ತಳೆಹಣ್ಣು ಸುಲಿದುಕೊಟ್ಟು ವಾಪಸ್ಸು ಬರುವನು.

ಆ ದಿನಗಳಲ್ಲೇ ಎರ್ನಾಕುಲಂನ ಒಂದು ಅಂಗಡಿಯಲ್ಲಿ, ಹೊರದೇಶದ ಪತ್ರಿಕೆಯೊಂದರಲ್ಲಿ, ಶ್ರೀಪತಿ ಆ ಪೆಡಲ್ ಚಿತ್ರ ನೋಡಿದ್ದು. ಕಾಲಲ್ಲಿ ಅದುಮುವ ಒಂದು ಪೆಟ್ಟಿಗೆ. ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ಸಿಕ್ಕಿಸಿದರೆ ಆಯಿತು. ತಂತಿ ಸಡಿಲಿಸುವುದೇ ಬೇಡ. ಸ್ಪೀಕರಿನಿಂದ ಬರುವ ಸ್ವರ ಮಾತ್ರ ಬೇಕಾದಷ್ಟು ಮೆಟ್ಟಿಲು ಇಳಿಯುತ್ತದೆ. ತಿರುವನಂತಪುರದಲ್ಲಿ ಬಾಹ್ಯಾಕಾಶ ಸಂಸ್ಥೆಯಲ್ಲಿದ್ದ ರತ್ನಾಕರ ಇವನ ಸ್ನೇಹಿತ, ಕಾಸರಗೋಡಿನವನು. ಆಫೀಸಿನ ಕೆಲಸದ ಮೇಲೆ ಜಪಾನಿಗೆ ಹೊರಟಿದ್ದ. ಅವನಿಗೆ ಕಾಗದ ಬರೆದ: 'ಹೇಗಾದರೂ ತಾ. ತಂಗಿಗೆ.'

ಮಹತಿ ಜನವರಿಯಲ್ಲಿ ಹೋದಳು. ರತ್ನಾಕರ ಬಂದದ್ದು ಮಾರ್ಚಿನಲ್ಲಿ.

ಬೇಡ ಅಂತ ಬರೆದುಬಿಡಬಹುದಿತ್ತು. ಶ್ರೀಪತಿ ಬರೆಯಲಿಲ್ಲ. ಅವತ್ತು ಬೆಳಗ್ಗೆಯೇ ಹೊರಟು ತಿರುವನಂತಪುರದ ತಂಪಾನೂರ್ ಬಸ್ ಸ್ಟ್ಯಾಂಡಿನ ಎದುರಿನ ಚಹಾದಂಗಡಿಯಲ್ಲಿ ಅವನನ್ನ ಕಂಡ. ರತ್ನಾಕರ ರಟ್ಟಿನ ಡಬ್ಬಿಯನ್ನ ಮೇಜಿನ ಮೇಲಿಟ್ಟು, ಅದನ್ನೇ ನೋಡುತ್ತಾ ಕೂತ.

"ಎಂತ ಹೇಳುವುದು ಮಾರಾಯ... ತಡ ಆಗಿಹೋಯ್ತು."

"ನಿಂದೇನೂ ತಪ್ಪಿಲ್ಲ ಬಿಡು."

"ಬೇಡದಿದ್ರೆ ಇಲ್ಲಿ ಯಾರಿಗಾದ್ರೂ ಕೊಡುವ. ನೀನು ಇದನ್ನು ಕಟ್ಟಿಕೊಂಡು ಎಂತ ಮಾಡ್ತಿ?"

ಶ್ರೀಪತಿ ಡಬ್ಬಿ ಚೀಲಕ್ಕೆ ಹಾಕಿಕೊಂಡ. ಮಧ್ಯಾಹ್ನದ ಬಸ್ಸು ಹತ್ತಿ, ಆಲುವಾದಲ್ಲಿ ಇಳಿದು, ಅಲ್ಲಿಂದ ಕೊನೇ ಬಸ್ಸಿಗೆ ಏಲೂರು.

ಆ ರಾತ್ರಿ ಅವನು ನಡೆದು ಬರುತ್ತಿದ್ದುದು ಹಾಗೆ.

ಮನೆಗೆ ಬಂದ. ಅಪ್ಪ ಆಡಿಟ್ ಅಂತ ಕಣ್ಣೂರಿಗೆ ಹೋಗಿದ್ದರು. ದೊಡ್ಡಮ್ಮ ಬಾಗಿಲು ತೆಗೆದು, ಮೊಸರನ್ನ ಮುಚ್ಚಿಟ್ಟಿದ್ದೀನಿ ಅಂದು ಒಳಗೆ ಹೋಗಿ ಮಲಗಿದರು. ಮಗಳು ಹೋದ ಮೇಲೆ ಅವರಿಗೆ ನಿದ್ದೆಯ ಮಾತ್ರೆ. ಶ್ರೀಪತಿ ಊಟ ಮಾಡಲಿಲ್ಲ. ಬಾವಿ ಹತ್ತಿರ ಕೇಳಿದ ಮಾತನ್ನ ತಲೆಯಿಂದ ತಳ್ಳುತ್ತಾ, ಮುಂದಿನ ಕೋಣೆಯಲ್ಲಿ ಡಬ್ಬಿ ಬಿಚ್ಚಿದ. ತಂತಿಗಳನ್ನ ಹಳೇ ಬಿಗಿಗೇ ಶ್ರುತಿ ಮಾಡಿದ. ಪೆಡಲ್ ಸಿಕ್ಕಿಸಿದ. ತಿರುಪನ್ನ ಮೂರಕ್ಕೆ ಇಟ್ಟ. ಅಮ್ಮ ಏಳಬಾರದೆಂದು ಸದ್ದು ತೀರಾ ಕಡಿಮೆ ಮಾಡಿದ.

ಮೀಟಿದ.

ಒಂದು ವಿಚಿತ್ರವಿದೆ ಇದರಲ್ಲಿ. ಸದ್ದು ಕಡಿಮೆ ಇಟ್ಟರೆ ಎರಡೂ ಸ್ವರ ಕೇಳುತ್ತವೆ. ತಂತಿಯ ಸ್ವಂತ ಸ್ವರ ಬೆರಳ ಬುಡದಲ್ಲಿ, ಸಣ್ಣಗೆ, 'ಟಿಣ್'. ಕಣ್ಣು ಮಿಟುಕಿಸುವಷ್ಟು ತಡವಾಗಿ ಸ್ಪೀಕರಿನಿಂದ ಇಳಿದ ಸ್ವರ... 'ಡೂಂ'. ಮೊದಲು ಇವನು, ಹಿಂದೆ ಇನ್ನೊಬ್ಬರು.

ಹಾಡಿನ ಮೊದಲ ಸಾಲು ನುಡಿಸಿದ. ತಂತಿ ಬಡಿಯಲಿಲ್ಲ. ಬಿಟ್ಟ ತಂತಿಗಳು ತುಂಬು ದನಿಯಲ್ಲಿ ಮೊಳಗಿದವು. ಅಕ್ಟೋಬರಿನಲ್ಲಿ ಇದು ಇದ್ದಿದ್ದರೆ... ಕಣ್ಣು ತುಂಬಿ ಬಂತು. ಕೈ ನಿಲ್ಲಿಸಿದ.

ಕಿರ್ರ್...

ಬೆತ್ತದ ಕುರ್ಚಿ. ಯಾರೋ ಭಾರ ಬಿಟ್ಟು ಕೂತರೆ ಬೆತ್ತ ನುಲಿಯುತ್ತದಲ್ಲ, ಆ ಸದ್ದು. ಕುರ್ಚಿ ಖಾಲಿ.

ಶ್ರೀಪತಿಗೆ ಓಡಬೇಕು ಅನ್ನಿಸಲಿಲ್ಲವಂತೆ. ಅದನ್ನೇ ಅವನು ಆಮೇಲೂ ಹೇಳುತ್ತಿದ್ದ, ಓಡಬೇಕು ಅಂತ ಅನ್ನಿಸಲೇ ಇಲ್ಲ ಕಣೋ ಅಂತ. ಮತ್ತೆ ಮೊದಲಿಂದ ನುಡಿಸಿದ.

"ಇನ್ನೂ ಕೆಳಗೆ, ಅಣ್ಣ."

ಬಾವಿ ಹತ್ತಿರ ಕೇಳಿದ ಅದೇ ದಪ್ಪ ದನಿ. 'ಅಣ್ಣ' ಅಂದ ರೀತಿ ಮಾತ್ರ... ಆ ರೀತಿ ಅವನನ್ನ ಕರೆಯುವವಳು ಲೋಕದಲ್ಲಿ ಒಬ್ಬಳೇ.

ತಿರುಪನ್ನ ನಾಲ್ಕಕ್ಕೆ ಇಟ್ಟ. ನುಡಿಸಿದ. ಕುರ್ಚಿಯ ಕಡೆಯಿಂದ ಗಂಟಲು ಸರಿಮಾಡಿಕೊಂಡ ಸದ್ದು. ಹಾಡಲು ಹೊರಟು, ಆಗದೆ, ಬಿಟ್ಟ ಹಾಗೆ.

"ಇನ್ನೂ..." ಅಂದಿತು ದನಿ. ತಪ್ಪು ಮಾಡಿದವರು ಕೇಳುವ ಹಾಗೆ, ಅಳುಕುತ್ತಾ.

"ಇಳೀತೀನಿ ಪುಟ್ಟಿ," ಅಂದ ಶ್ರೀಪತಿ. "ಎಷ್ಟು ಬೇಕಾದ್ರೂ ಇಳೀತೀನಿ. ನೀನು ಹೇಳು."

ಐದಕ್ಕೆ ಇಟ್ಟ.

ಆಗ ಹಾಡಿದಳು. ಬೀದಿದೀಪಕೆ ನಿದ್ದೆಯಿಲ್ಲ... ಮೆತ್ತಗೆ, ಒಡಕಾಗಿ, ನೆಲಕ್ಕೆ ತಾಗುವಷ್ಟು ಕೆಳಗಿನ ದನಿಯಲ್ಲಿ. ಎಲ್ಲೂ ಹರಿಯಲಿಲ್ಲ. ಕೆಮ್ಮಲಿಲ್ಲ. ಪಲ್ಲವಿ ಮುಗಿಸಿ, ಚರಣಕ್ಕೆ ಮೊದಲು ಅವಳು ಯಾವಾಗಲೂ ಒಂದು ಉಸಿರು ಎಳೆದುಕೊಳ್ಳುತ್ತಿದ್ದಳು. ಆ ಉಸಿರೂ ಕೇಳಿತು. ಶ್ರೀಪತಿ ತಲೆ ಎತ್ತಲಿಲ್ಲ. ಎತ್ತಿದರೆ ನಿಂತುಹೋದೀತು ಅಂತ ತನ್ನ ಬೆರಳನ್ನೇ ನೋಡುತ್ತಾ ನುಡಿಸಿದ. ಕಣ್ಣೀರು ಗಿಟಾರಿನ ಮರದ ಮೇಲೆ ತಟ್ ತಟ್ ಅಂತ ಬೀಳುತ್ತಿತ್ತು.

ಹಾಡು ಮುಗಿಯಿತು. ಕೊನೆಯ ಬಿಟ್ಟ ತಂತಿ ಮೊಳಗಿ ಮೊಳಗಿ ಆರುವವರೆಗೂ ಕಾದ.

"ತಪ್ಪಾಯ್ತು ಕಣೆ," ಅಂದ.

ಬೆತ್ತದ ಕುರ್ಚಿ ಇನ್ನೊಮ್ಮೆ... ಕಿರ್ರ್. ಎದ್ದು ಹೋದರೆ ಆಗುವಂಥದ್ದು.

ಬೆಳಗಾಯಿತು. ದೊಡ್ಡಮ್ಮ ಕಾಫಿ ತಂದರು. ಮಗ ಗಿಟಾರ್ ತಬ್ಬಿಕೊಂಡು ಗೋಡೆಗೆ ಒರಗಿ ಕೂತಿದ್ದ.

"ಅಮ್ಮ, ಕೊನೇಲಿ ಅವಳ ದನಿ ಹೇಗಿತ್ತು?"

ದೊಡ್ಡಮ್ಮ ಲೋಟ ಕೆಳಗಿಟ್ಟರು.

"ತೀರಾ ಇಳಿದುಹೋಗಿತ್ತು ಕಣೋ. ಗಂಡಸರ ಥರ. ಉಳ್ಳೂರಿನ ರೂಮಲ್ಲಿ ರಾತ್ರಿ ಹೊತ್ತು ಗುನುಗ್ತಿದ್ಲು, ನಿಮ್ಮಿಬ್ಬರ ಹಾಡೇ. ನೀನು ಬಂದಾಗ ಮಾತ್ರ ಬಾಯಿ ಮುಚ್ಕೊಂಡಿರ್ತಿದ್ಲು. ಹೇಳ್ತೀನಿ ಅಂದ್ರೆ ಬಿಡಲಿಲ್ಲ. 'ಅಣ್ಣನಿಗೆ ಹೇಳ್ಬೇಡಮ್ಮ, ಇನ್ನೂ ಇಳಿಯೋಕೆ ಅವನಿಗೆ ಕಷ್ಟ' ಅಂದ್ಲು."

ಮುನಿಸಲ್ಲ. ಯಾವತ್ತೂ ಮುನಿಸಾಗಿರಲೇ ಇಲ್ಲ. ಶ್ರೀಪತಿ ಅಮ್ಮನ ಮಡಿಲಲ್ಲಿ ಮುಖ ಹುದುಗಿಸಿ ಅತ್ತ. ಜನವರಿಯಲ್ಲಿ ಒಂದು ಹನಿ ಅಳದವನು, ಅವತ್ತು ಕಾಫಿ ಆರಿ ಕೆನೆ ಕಟ್ಟುವವರೆಗೆ ಅತ್ತ. ಅಲ್ಲಿಂದ ಮುಂದೆ ಅವನು ಎಷ್ಟೋ ವರ್ಷ ಗಾನಮೇಳದಲ್ಲಿ ನುಡಿಸಿದ, ಮದುವೆಯಾದ, ಅವನಿಗೊಬ್ಬ ಮಗನೂ ಆದ. ಆ ಹಾಡನ್ನ ಮಾತ್ರ ಮತ್ತೆ ನುಡಿಸಲಿಲ್ಲ.

ಇಷ್ಟೇ ಆಗಿದ್ದರೆ ನಾನೂ ಅನ್ನುತ್ತಿದ್ದೆ, ದುಃಖದಲ್ಲಿ ಮನಸ್ಸಿಗೆ ಏನೇನೋ ಕೇಳುತ್ತೆ ಅಂತ.

ಅದೇ ಬೆಳಗ್ಗೆ ದೊಡ್ಡಮ್ಮ ಕಸ ಗುಡಿಸುವಾಗ ಬೆತ್ತದ ಕುರ್ಚಿಯ ಕೆಳಗೆ ಒಂದು ಚೀಟಿ ಸಿಕ್ಕಿತು. ಬಸ್ಸಿನ ರಿಸರ್ವೇಶನ್ ಚೀಟಿ, ನೀಲಿ ಕಾರ್ಬನ್ ಅಕ್ಷರ. ತಂಪಾನೂರಿನಿಂದ ಆಲುವಾಕ್ಕೆ, ಹಿಂದಿನ ದಿನದ ಮಧ್ಯಾಹ್ನದ ಬಸ್ಸು. ಶ್ರೀಪತಿಯದ್ದೇ ಇರಬೇಕು ಅಂದುಕೊಂಡರು. ಶ್ರೀಪತಿಯ ಚೀಟಿ ಅವನ ಅಂಗಿಯ ಜೇಬಿನಲ್ಲೇ ಇತ್ತು, ಸೀಟು ಹದಿನೇಳು. ಇದು ಹದಿನೆಂಟು, ಅವನ ಪಕ್ಕದ್ದು. ಆ ಸೀಟಿನಲ್ಲಿ ಆಲುವಾವರೆಗೂ ಯಾರೂ ಕೂತಿರಲಿಲ್ಲ. ನಿಂತಿದ್ದ ಜನರಿಗೂ ಕಂಡಕ್ಟರ್ ಅದನ್ನ ಕೊಡಲಿಲ್ಲವಂತೆ.

ಚೀಟಿಯಲ್ಲಿ ಹೆಸರಿರಲಿಲ್ಲ. 'ಒಂದು, ಹೆಣ್ಣು' ಅಂತಿತ್ತು. ಪಕ್ಕದಲ್ಲಿ ವಯಸ್ಸು. ಆಮೇಲೆ ಏಲೂರಿಗೆ ಹೋದಾಗ ದೊಡ್ಡಮ್ಮ ಅದನ್ನ ದೇವರ ಪೆಟ್ಟಿಗೆಯಿಂದ ತೆಗೆದು ನನ್ನ ಕೈಗೇ ಕೊಟ್ಟರು. ಕಿಟಕಿ ಹತ್ತಿರ ಹಿಡಿದು ಎರಡೆರಡು ಸಲ ಓದಿದ್ದೇನೆ. ಮಹತಿ ಜನವರಿಯಲ್ಲಿ ಹೋದಾಗ ಅವಳಿಗೆ ಇಪ್ಪತ್ತೆರಡು. ಅವಳ ಹುಟ್ಟಿದ ದಿನ ಬರುವುದು ಫೆಬ್ರವರಿಯಲ್ಲಿ.

ಚೀಟಿಯಲ್ಲಿ ಇಪ್ಪತ್ತಮೂರು ಅಂತಲೇ ಬರೆದಿತ್ತು.