ಎಂಟಾಣೆಯ ಪೌಡರು

ಹೊಸ ಪೈಸೆ ಬಂದು ನಾಲ್ಕು ವರ್ಷವಾದರೂ ಇಂಡಿ ಬಸ್ ನಿಲ್ದಾಣದಲ್ಲಿ ಎಲ್ಲರ ಬಾಯಲ್ಲೂ ಇನ್ನೂ ಆಣೆಯೇ. ಸಾಲೋಟಗಿ ಬಸ್ಸಿಗೆ ಕಾಯುತ್ತಿದ್ದ ನನ್ನ ಪಕ್ಕದಲ್ಲಿ ಅತ್ತೆ ಸೊಸೆ ಕೂತಿದ್ದರು. ಅತ್ತೆಯ ಕೈ ಸೊಸೆಯ ಚೀಲದೊಳಗಿತ್ತು.

“ಶೇವಂತಿ, ಇದೇನವಾ ಡಬ್ಬಿ?”

“ಪೌಡರ್ ರೀ ಅತ್ತಿ. ಮಾರಿಗೆ ಹಚ್ಕೊಳ್ಳೋದು.”

“ಎಷ್ಟ ಕೊಟ್ಟಿ?”

“ಎಂಟಾಣೆ ರೀ.”

“ಎಂಟಾಣೇಕ ಇಷ್ಟ ದೊಡ್ಡ ಡಬ್ಬಿ?”

“ಸೋವಿ ಇತ್ರಿ. ಅದಕ್ಕ ತಗೊಂಡೆ.”

ಮುಚ್ಚಳ ತೆರೆದ ಸದ್ದಾಯಿತು. ಘಮ ನನ್ನವರೆಗೂ ಬಂತು.

“ಮಲ್ಲಿಗಿ ವಾಸನಿ ಐತಿ. ನಮ್ಮ ಕಾಲಕ್ಕ ಅರಿಷಿಣ ಬಿಟ್ರ ಏನೂ ಇರಲಿಲ್ಲ. ಈಗ ನಾ ಹಚ್ಕೊಂಡ್ರ ಮಂದಿ ನಗ್ತಾರೇನ?”

“ಯಾಕ ನಗ್ತಾರ್ರಿ? ಇದರಾಗಿಂದ ಹಚ್ಕೋರಿ.”

“ಬ್ಯಾಡ. ನಂದಂತ ಒಂದಿರಲಿ. ಇಂಥಾದ್ದ ಇನ್ನೊಂದು ತಗೊಂಡ ಬಾ.”

“ಈಗ ಬ್ಯಾಡ್ರಿ ಅತ್ತಿ. ಬಸ್ಸ ಬರ್ತೈತಿ.”

“ಬರೂದಾದ್ರ ಬರಲಿ, ಸಂಜೀಕ ಇನ್ನೊಂದ ಐತಿ. ಹಿಡಿ ರೊಕ್ಕಾ.”

“ಇದು ಎರಡ ರೂಪಾಯಿ ನೋಟ ಐತ್ರಿ. ಎಂಟಾಣೇಕ ಇಷ್ಟ್ಯಾಕ್ರಿ?”

“ಅಂಗಡ್ಯಾಂವ ನನ್ನ ಸೊಸಿ ಅಲ್ಲ. ಅಂವ ಪೂರಾ ರೊಕ್ಕಾ ಕೇಳ್ತಾನ.”

ಸೊಸೆ ತಲೆ ತಗ್ಗಿಸಿದಳು. ಅತ್ತೆಯ ಹೊಟ್ಟೆ ನಗುವಿಗೆ ಕುಲುಕುತ್ತಿತ್ತು.

“ಅಂಜಬ್ಯಾಡ. ನಾನೂ ನಮ್ಮತ್ತಿಗೆ ಕೈಬಳಿ ರೇಟ ಅರ್ಧಾನ ಹೇಳ್ತಿದ್ದೆ. ಏಳು, ನಾನೂ ಬರ್ತೇನಿ.”

ಬಸ್ಸು ಬಂದು ನಿಂತಿತು. ಅವರಿಬ್ಬರೂ ಅದರ ಮುಂದೆಯೇ ಹಾದು ಬಜಾರದ ಕಡೆ ನಡೆದರು. ಅತ್ತೆಯ ಮಾತು ಇನ್ನೂ ಕೇಳುತ್ತಿತ್ತು.

“ಮನ್ಯಾಗ ನಿಮ್ಮ ಮಾವ ಕೇಳಿದ್ರ, ಎರಡೂ ಕೂಡಿ ಎಂಟಾಣೆ ಅನ್ನು.”