ಎಡಗಡೆಯ ಒದ್ದೆ

ಇದು ನನ್ನ ದೊಡ್ಡಮ್ಮನ ಮಗನಿಗೆ ಆದದ್ದು. ಜಾಝ್ ತಂಡಗಳಲ್ಲಿ ಟ್ರಂಪೆಟ್ ಊದುತ್ತಿದ್ದವನು. ನಂಬೋದು ಬಿಡೋದು ನಿಮ್ಮಿಷ್ಟ, ನಡುವೆ ಮಾತ್ರ ನಗಬೇಡಿ.

ಅವತ್ತು ರಾತ್ರಿ ಹನ್ನೆರಡೂವರೆ. ಅಣ್ಣ ಸ್ಟುಡಿಯೋದಿಂದ ಮನೆಗೆ ನಡೆದು ಬರುತ್ತಿದ್ದ. ಟ್ರಂಪೆಟ್ ಊದಿ ಊದಿ ತುಟಿ ಬಾತುಹೋಗಿತ್ತು. ಒಂಬತ್ತು ವರ್ಷ ಪೆಟ್ಟಿಗೆಯಲ್ಲೇ ಮಲಗಿದ್ದ ವಾದ್ಯ ಅದು. ಮೊದಲೆಲ್ಲ ಅವನ ಎಡಗಡೆ ಇನ್ನೊಬ್ಬ ನಿಂತು ಊದುತ್ತಿದ್ದ, ಎಲ್ಲರ ಬಾಯಲ್ಲೂ 'ಉಸಿರಪ್ಪ'. ಎತ್ತರದ ಸ್ವರಗಳೆಲ್ಲ ಉಸಿರಪ್ಪನ ಪಾಲು, ಕೆಳಗಿನವು ಅಣ್ಣನ ಪಾಲು. ಹಾಗೆ ಹಂಚಿಕೊಂಡೇ ಇಬ್ಬರೂ ಹೆಸರು ಮಾಡಿದ್ದರು. ಉಸಿರಪ್ಪ ಕಾಮಾಲೆಯಾಗಿ ಆಸ್ಪತ್ರೆಯಲ್ಲಿ ತೀರಿಕೊಂಡ ಮೇಲೆ ಅಣ್ಣ ಟ್ರಂಪೆಟ್ ಮುಟ್ಟಿರಲಿಲ್ಲ.

ಈಗ ನಲವತ್ತೊಂಬತ್ತನೇ ವಯಸ್ಸಿನಲ್ಲಿ ಮತ್ತೆ ಕರೆ ಬಂದಿತ್ತು. ಪಿಯಾನೋ, ಬಾಸ್, ಡ್ರಮ್, ಇವನು. ನಾಲ್ಕೇ ಜನ, ಮೂರು ದಿನದ ರೆಕಾರ್ಡಿಂಗ್. ಎರಡು ದಿನ ಮುಗಿದಿತ್ತು. ಕೊನೆಯ ಹಾಡಿನ ಕೊನೆಯ ಸ್ವರ, ಎತ್ತರದ್ದು, ಹದಿನೇಳು ಸಲ ಊದಿದರೂ ಬಂದಿರಲಿಲ್ಲ. ನಾಳೆಯೂ ಬರದಿದ್ದರೆ ಆಲ್ಬಂ ಇಲ್ಲ. ಈ ವಯಸ್ಸಿನವನನ್ನು ಇನ್ನೊಮ್ಮೆ ಯಾರು ಕರೀತಾರೆ?

ಓಣಿಯ ತಿರುವಿನಲ್ಲಿ ಒಂದು ಹಾಳುಬಾವಿ. ಮೇಲೆ ಕಬ್ಬಿಣದ ಜಾಲರಿ. ಉಸಿರಪ್ಪನಿಗೂ ಆ ಬಾವಿಗೂ ಏನೇನೂ ಸಂಬಂಧವಿಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ಅಣ್ಣ ಹತ್ತಿರ ಬಂದಾಗ...

ಫ್ಸ್ಸ್... ಟಪ್. ಟಪ್.

ನಿಂತಲ್ಲೇ ನಿಂತ. ಊದಿ ಊದಿ ಟ್ರಂಪೆಟ್ಟಿನೊಳಗೆ ನೀರು ಕಟ್ಟುತ್ತದೆ. ಕೆಳಗಿನ ಪುಟ್ಟ ಕೀಲು ಒತ್ತಿ, ಗಾಳಿ ಬಿಟ್ಟು, ಅದನ್ನು ನೆಲಕ್ಕೆ ಸುರಿಯುತ್ತಾರೆ. ಆ ಸದ್ದು. ಊದುವವನಿಗೆ ನಿದ್ದೆಯಲ್ಲೂ ಗೊತ್ತಾಗುವ ಸದ್ದು. ಬಾವಿಯೊಳಗಿಂದ.

"ಯಾರದು?"

"ತುಟಿ ನೋಯ್ತಿದೆಯೇನೋ?" ಪಿಸುದನಿ.

ಡ್ರಮ್ಮಿನವನು ಎಲ್ಲೋ ಕೂತು ಆಟ ಆಡಿಸ್ತಿದಾನೆ ಅಂದುಕೊಂಡ ಅಣ್ಣ. "ಹೂಂ ಕಣೋ. ಸಾಕಾಗಿ ಹೋಯ್ತು."

"ನಾನು ಊದ್ಲಾ?"

ಸುಸ್ತಾದ ಮನುಷ್ಯ. "ಊದಪ್ಪಾ, ನೀನೇ ಊದು" ಅಂದುಬಿಟ್ಟ.

ತಿರುಗಿ ನೋಡಿದ. ಓಣಿ ತುದಿವರೆಗೂ ಯಾರಿಲ್ಲ.

ಮರುದಿನ ಮತ್ತದೇ ಹಾಡು. ಕೊನೆಯ ಸ್ವರಕ್ಕೆ ಉಸಿರೆಳೆದುಕೊಂಡ, ಟ್ರಂಪೆಟ್ ಎತ್ತಿದ... ತುಟಿ ತಾಗುವ ಮೊದಲೇ ಸ್ವರ ಬಂತು. ಕೂದಲೆಳೆಯಷ್ಟೂ ನಡುಗದೆ, ಉದ್ದಕ್ಕೆ. ಎಡಕಿವಿಯ ಪಕ್ಕದಿಂದ.

ಪಿಯಾನೋದವನು ಕಣ್ಣೊರೆಸಿಕೊಂಡ. "ಹುಲಿ ಕಣಯ್ಯ ನೀನು! ನಿನ್ನೆ ಏನು ನಾಟಕ ಆಡ್ತಿದ್ದೆ?"

"ನಾನು ಊದಿಲ್ಲ..."

"ಮತ್ತೆ ನಿಮ್ಮಜ್ಜಿ ಊದಿದ್ಲಾ?"

ಎಲ್ಲರೂ ನಕ್ಕರು.

ಆಲ್ಬಂ ಬಂತು. ಜನ ಹೊಗಳಿದರು, ಕಂಪನಿಯವರು ಮತ್ತೆ ಕರೆದರು. ಎರಡನೆಯದರಲ್ಲಿ ಕೆಳಗಿನ ಸ್ವರಗಳೂ ಕೈಬಿಟ್ಟು ಹೋದವು. ಅಣ್ಣ ಕೆನ್ನೆ ಉಬ್ಬಿಸಿ ನಿಲ್ಲುವುದಷ್ಟೇ. ಮನೆಯಲ್ಲಿ ಊದಿದರೆ ಬರೀ ಗಾಳಿ... ಹೂಸ್, ಹೂಸ್. ಅತ್ತಿಗೆ ಹತ್ತಿರ ಹೇಳಿಕೊಂಡ. "ಬಂದ ಭಾಗ್ಯಾನ ಯಾಕ್ರೀ ಒದೀತೀರಾ?" ಅಂದರು ಅತ್ತಿಗೆ.

ಒಂದು ರಾತ್ರಿ ಬಾವಿಗೆ ಹೋಗಿ, ಜಾಲರಿ ಹಿಡಿದು ಬೇಡಿಕೊಂಡ. "ನನ್ನ ಪಾಲಾದ್ರೂ ನನಗೆ ಬಿಡೋ..."

ಫ್ಸ್ಸ್... ಟಪ್.

ಅಷ್ಟೇ ಉತ್ತರ.

ಮೂರನೇ ಆಲ್ಬಂ ಅರ್ಧವಾಗಿದ್ದಾಗ ವಾದ್ಯವನ್ನು ಕುರ್ಚಿ ಮೇಲಿಟ್ಟು ಎದ್ದು ಬಂದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಹನ್ನೊಂದು ದಿನದ ಮೇಲೆ ಅದನ್ನು ತರಲು ನಾನೇ ಹೋದೆ. ಬಾಗಿಲು ತೆಗೆದವಳು ನೆಲ ಒರೆಸುವ ಹೆಂಗಸು.

"ನಿಮ್ಮಣ್ಣಂಗೆ ಹೇಳಿ ಸಾರ್, ಕಾಲ ಹತ್ರ ಒಂದು ಬಟ್ಟೆ ಹಾಸ್ಕೊಳ್ಳಿ ಅಂತ. ದಿನಾ ಒರೆಸಿ ಒರೆಸಿ ನನ್ನ ಸೊಂಟ ಬಿತ್ತು."

"ಅವನು ಬರ್ತಾನೇ ಇಲ್ವಲ್ಲಮ್ಮ!"

ಅವಳು ನೆಲದ ಕಡೆ ಕೈ ತೋರಿಸಿದಳು. ಅಣ್ಣ ನಿಲ್ಲುವ ಜಾಗಕ್ಕೆ ಗುರುತಾಗಿ ನೆಲದ ಮೇಲೆ ಬಿಳಿ ಟೇಪು ಅಂಟಿಸಿದ್ದರು. ಅಲ್ಲಿ ನೆಲ ಒಣಗಿತ್ತು. ಅದರ ಎಡಕ್ಕೆ, ಒಂದು ಮಾರು ಆಚೆ, ಅಂಗೈಯಗಲ ನೀರು. ನಾನೇ ಬಗ್ಗಿ ಬೆರಳಿಟ್ಟು ನೋಡಿದ್ದು. ಸುಳ್ಳು ಹೇಳಿ ನನಗೇನಾಗಬೇಕು?

ಉಗುರುಬೆಚ್ಚಗಿತ್ತು.